ಮೇಡಂ ಗಂಟಲಿಗೆ ನಾರಿನ ಹಲಗೆ

ಕಿಬ್ಬನಹಳ್ಳಿ ಕ್ರಾಸಿನಲ್ಲಿ ಮೊದಲ ಬಸ್ಸಿನ ಹಾರ್ನ್ ಇನ್ನೂ ಕೇಳಿಸಿಲ್ಲ. ಹೆದ್ದಾರಿ ಬಿಟ್ಟು ತೋಟದೊಳಕ್ಕೆ ತಿರುಗುವ ಮಣ್ಣುದಾರಿಯ ಕೊನೆಯಲ್ಲೊಂದು ನಾರಿನ ಶೆಡ್ಡು. ಅದರ ಮುಂದಿನ ಕಣದಲ್ಲಿ ಚಿಕ್ಕಗೌರಮ್ಮ ಕುಕ್ಕರಗಾಲಲ್ಲಿ ಕೂತು, ರಾತ್ರಿಯ ಇಬ್ಬನಿಗೆ ತೇವವಾದ ನಾರನ್ನು ಹಿಡಿಹಿಡಿಯಾಗಿ ಎತ್ತಿ ಕೊಡವುತ್ತಿದ್ದಾರೆ. ಸೆರಗನ್ನು ತಲೆಗೂ ಮೂಗಿಗೂ ಸೇರಿಸಿ ಬಿಗಿದಿರುವುದರಿಂದ ಕಾಣುವುದು ಎರಡು ಕಣ್ಣು ಮಾತ್ರ. ಕೊಡವಿದಷ್ಟೂ ಕಂದು ಪುಡಿ ಏಳುತ್ತದೆ, ಎದ್ದದ್ದು ತಿರುಗಿ ಅವರ ಮೇಲೆಯೇ ಕೂರುತ್ತದೆ. ಬೆಳಕು ಹರಿಯುವ ಹೊತ್ತಿಗೆ ಹುಬ್ಬು, ರೆಪ್ಪೆ, ಮುಂಗೈ ಎಲ್ಲವೂ ತೆಂಗಿನ ಮಟ್ಟೆಯ ಬಣ್ಣಕ್ಕೆ ತಿರುಗಿವೆ.

ಒಣಗಿದ ನಾರು ಶೆಡ್ಡಿನೊಳಕ್ಕೆ ಹೋಗುತ್ತದೆ. ಸೂಜಿ ಮಿಷನ್ನು ಅದನ್ನು ಕಂಬಳಿಯ ಹಾಗೆ ಹೆಣೆದು ಕೊಡುತ್ತದೆ. ಅದರ ಮೇಲೆ ರಬ್ಬರ್ ಹಾಲು ಸಿಂಪಡಿಸಿ, ಕಾದ ಪ್ರೆಸ್ಸಿನ ಎರಡು ತಟ್ಟೆಗಳ ನಡುವೆ ಇಟ್ಟು ಒತ್ತಿದರೆ ಬೆರಳು ದಪ್ಪದ ಹಲಗೆ ಸಿದ್ಧ. ಒತ್ತುವ ಮುಂಚೆ ಅಂಗೈ ಆಡಿಸಿ, ನಾರು ಎಲ್ಲಿ ತೆಳುವಾಗಿದೆ ಎಲ್ಲಿ ಗಂಟಾಗಿದೆ ಎಂದು ನೋಡಿ ಸರಿಮಾಡುವುದು ಚಿಕ್ಕಗೌರಮ್ಮನ ಕೆಲಸ. ಆಮೇಲೆ ಅಂಚು ಕತ್ತರಿಸುವುದೂ ಅವರೇ. ದಿನಕ್ಕೆ ಎಪ್ಪತ್ತೋ ಎಂಬತ್ತೋ ಹಲಗೆ ಅವರ ಕೈ ದಾಟಿ ಲಾರಿ ಹತ್ತುತ್ತವೆ.

ಇವು ಏತಕ್ಕೆ ಎಂದು ಕೇಳಿದರೆ ಅವರು ಸೆರಗು ಬಿಚ್ಚಿ, ಮೂಗಿನ ಪುಡಿ ಒರೆಸಿಕೊಂಡು, ಕೇಳಿದವರ ಮುಖವನ್ನೇ ಅನುಮಾನದಿಂದ ನೋಡುತ್ತಾರೆ.

"ಸದ್ದು ತಿನ್ನಾಕಂತೆ. ನನ್ನೇನ್ ಕೇಳೀರಿ, ನಂಗೂ ಸರಿಯಾಗ್ ಗೊತ್ತಿಲ್ಲ ಕಣ್ರೀ. ಮೊದ್ಲು ಹಾಸಿಗೆಗೆ ಅನ್ಕಂಡಿದ್ದೆ. ಆಮೇಲೆ ಯಾರೋ ತಂಪಿಗೆ ಅಂದ್ರು, ಗೋಡೆಗೆ ಹೊಡ್ದುಬುಟ್ರೆ ಬಿಸ್ಲು ಒಳಕ್ಕೆ ಬರಾಕಿಲ್ಲ ಅಂತ. ಟೀವಿ ಪ್ಯಾಕ್ ಮಾಡಾಕೆ ಅಂದ್ರು ಇನ್ನೊಬ್ರು. ಯಾರ್ ಏನ್ ಹೇಳುದ್ರೂ ಹೌದೇನೋ ಅಂತ ನಂಬ್ಕಂಡು ಮಾಡ್ತಾ ಬಂದೆ."

ಚಿಕ್ಕಗೌರಮ್ಮನದು ಕ್ರಾಸಿನಿಂದ ಒಳಗಿರುವ ತೋಟದಪಾಳ್ಯ ಎಂಬ ಸಣ್ಣ ಊರು. ಗಂಡ ರಂಗಯ್ಯ ಸುತ್ತಲ ತೋಟಗಳಲ್ಲಿ ಕಾಯಿ ಕೀಳುತ್ತಿದ್ದವರು. ಹೆಂಡತಿ ಕೊಬ್ಬರಿ ಒಡೆಯುತ್ತಿದ್ದರು. ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿದ ಕಾಯನ್ನು ಕಿವಿಯ ಬಳಿ ಅಲ್ಲಾಡಿಸಿ, ಒಳಗಿನ ಕೊಬ್ಬರಿ ಕರಟ ಬಿಟ್ಟು ಲೊಟಲೊಟ ಎನ್ನುತ್ತಿದೆಯೋ ಇಲ್ಲವೋ ಎಂದು ಹೇಳುವುದರಲ್ಲಿ ಅವರಿಗೆ ಹೆಸರಿತ್ತು. ಒಂದು ಬೇಸಿಗೆ ರಂಗಯ್ಯ ಮರದಿಂದ ಜಾರಿ ಸೊಂಟ ಮುರಿದುಕೊಂಡರು. ಜೀವ ಉಳಿಯಿತು, ನಡಿಗೆ ಸೊಟ್ಟಗಾಯಿತು. ಕೊಬ್ಬರಿ ಒಡೆಯುವುದು ವರ್ಷವಿಡೀ ಸಿಗುವ ಕೆಲಸವಲ್ಲ. ಹಾಗಾಗಿ ಚಿಕ್ಕಗೌರಮ್ಮ ನಾರಿನ ಶೆಡ್ಡು ಸೇರಿದರು. ಈಗ ಮನೆಯ ಮುಂದಿನ ಕೋಣೆಯನ್ನು ಬಾಡಿಗೆಗೆ ಕೊಟ್ಟು, ಹಿಂದಿನ ಎರಡಂಕಣದಲ್ಲಿ ಗಂಡ ಹೆಂಡತಿ ಇದ್ದಾರೆ.

ಸದ್ದಿನ ವಿಷಯ ಅವರ ತಲೆಗೆ ಹೊಕ್ಕಿದ್ದು ದಯಾನಂದ್ ಬಂದ ದಿನ. ಹಲಗೆಗಳನ್ನು ಕೊಂಡು ದೊಡ್ಡ ಊರುಗಳ ಸಭಾಂಗಣ, ಆಫೀಸುಗಳ ಗೋಡೆಗೆ ಕೂರಿಸುವ ಗುತ್ತಿಗೆದಾರ ಆತ. ಶೆಡ್ಡಿಗೆ ಬಂದವನು ಮಾಲನ್ನೂ ನೋಡದೆ ಖಾಲಿ ಗೋಡೌನಿನ ನಡುವೆ ನಿಂತು ಫಟ್ಟನೆ ಒಂದು ಚಪ್ಪಾಳೆ ಹೊಡೆದು, ಕತ್ತು ಓರೆ ಮಾಡಿ ಕಿವಿಗೊಟ್ಟ. ಹಲಗೆ ಪೇರಿಸಿಟ್ಟ ಕೋಣೆಗೆ ಹೋಗಿ ಅಲ್ಲೂ ಒಂದು ಚಪ್ಪಾಳೆ ಹೊಡೆದ. ತಲೆಯಾಡಿಸಿಕೊಂಡು ಕಾರು ಹತ್ತಿ ಹೋದ. "ತಲೆ ಕೆಟ್ಟೋನು ಪಾಪ" ಎಂದುಕೊಂಡ ಚಿಕ್ಕಗೌರಮ್ಮ, ಮಧ್ಯಾಹ್ನದ ಊಟದ ಹೊತ್ತಿಗೆ ಯಾರೂ ಇಲ್ಲದ್ದು ನೋಡಿ ತಾವೂ ಗೋಡೌನಿಗೆ ಹೋದರು.

"ಗೋಡೌನಲ್ಲಿ ಒಂದ್ ಹೊಡ್ದೆ. ಟಪ್ ಅಂದದ್ದು ಟಪ್ಪಪ್ಪಪ್ಪ ಅಂತ ಈ ಗೋಡೆಯಿಂದ ಆ ಗೋಡೆಗೆ ಓಡಾಡ್ತು. ಹಲಗೆ ರೂಮಲ್ಲಿ ಇನ್ನೊಂದ್ ಹೊಡ್ದೆ ನೋಡಿ, ಕೈ ನಂದಲ್ಲ ಅನ್ನಂಗಾಯ್ತು. ಕಿವಿ ಹೊಂಟೋಯ್ತೇನೋ ಅಂತ ಎದೆ ಧಸಕ್ ಅಂತು. 'ಗೌರಾ' ಅಂತ ನನ್ ಹೆಸ್ರನ್ನ ನಾನೇ ಕೂಕ್ಕಂಡೆ. ಕೇಳಿಸ್ತು. ಆದ್ರೆ ಬಾಯಿಂದ ಈಚೆಗೆ ಬಂದದ್ದು ಅಲ್ಲೇ ಬಿದ್ದೋಯ್ತು."

ಅವತ್ತಿನಿಂದ ಶುರುವಾದ ಗೊಂದಲ ಇವತ್ತಿಗೂ ಮುಗಿದಿಲ್ಲ. ಸಂಜೆ ಚಿಕ್ಕಗೌರಮ್ಮ ಶೆಡ್ಡಿನ ಯಜಮಾನ ಮೋಹನ್ ಕುಮಾರ್ ಅವರನ್ನು ಹಿಡಿದು ನಿಲ್ಲಿಸಿ, ಹೋದ ಸದ್ದು ಎಲ್ಲಿಗೆ ಹೋಯಿತು ಎಂದು ಕೇಳಿದರು. ನಾರಿನ ಸಂದಿಗೊಂದಿಗಳಲ್ಲಿ ಸಿಕ್ಕಿ, ತಿಕ್ಕಾಡಿ, ಕೊನೆಗೆ ಶಾಖವಾಗುತ್ತದೆ ಎಂದರು ಮೋಹನ್ ಕುಮಾರ್. ಚಿಕ್ಕಗೌರಮ್ಮ ಹೋಗಿ ಹಲಗೆಯನ್ನು ಮುಟ್ಟಿ ನೋಡಿದರು. ತಣ್ಣಗಿತ್ತು.

"ಹಂಗಾರೆ ಒಳ್ಗೇ ಇದ್ದದಾ? ತುಂಬ್ಕಂಡ್ರೆ ಏನ್ ಮಾಡ್ತಾರೆ, ಕೊಡವ್ತಾರಾ?"

"ತುಂಬಲ್ಲ ಕಣಮ್ಮ."

"ಯಾಕ್ ತುಂಬಾಕಿಲ್ಲ?"

ಮೋಹನ್ ಕುಮಾರ್ ತಲೆ ಕೆರೆದುಕೊಂಡು, ಬಂದ ಫೋನನ್ನು ಎತ್ತಿಕೊಂಡು ಆಚೆ ಹೋದರು.

ಈ ಗೊಂದಲವೊಂದೇ ಆಗಿದ್ದರೆ ಅವರು ಸುಮ್ಮನೆ ನಾರು ಕೊಡವಿಕೊಂಡು ಇರುತ್ತಿದ್ದರೇನೋ. ಕಳೆದ ವರ್ಷ ಮಳೆಗಾಲ ಮುಗಿಯುತ್ತಿದ್ದಂತೆ ಮನೆಯಲ್ಲೇ ಇನ್ನೊಂದು ಶುರುವಾಯಿತು. ಮುಂದಿನ ಕೋಣೆಯ ಬಾಡಿಗೆದಾರರು ಗಿರಿಜಾಂಬಿಕಾ, ಊರಿನ ಸರ್ಕಾರಿ ಶಾಲೆಯ ಮೇಡಂ. ತುರುವೇಕೆರೆ ಕಡೆಯವರು. ನಲವತ್ತು ದಾಟಿದ, ಸದಾ ಮಾತಾಡುವ ಹೆಂಗಸು. ಸಂಜೆ ಶಾಲೆಯಿಂದ ಬಂದವರೇ ಅಡುಗೆಮನೆ ಕಿಟಕಿಗೆ ಮುಖವಿಟ್ಟು ಊರ ಸುದ್ದಿಯನ್ನೆಲ್ಲ ಹೇಳಿ ನಗಿಸುತ್ತಿದ್ದವರು, ಇದ್ದಕ್ಕಿದ್ದಂತೆ ಮಾತು ಬಿಟ್ಟರು. ಬರುತ್ತಾರೆ, ತಲೆ ತಗ್ಗಿಸಿ ಬಾಗಿಲು ಹಾಕಿಕೊಳ್ಳುತ್ತಾರೆ.

ಚಿಕ್ಕಗೌರಮ್ಮನಿಗೆ ದಿಕ್ಕು ತೋಚಲಿಲ್ಲ. ಕೋಳಿ ಕೋಣೆಗೆ ನುಗ್ಗಿ ಗಲೀಜು ಮಾಡಿತ್ತೆ? ರಂಗಯ್ಯ ರೇಡಿಯೊ ಜೋರಾಗಿ ಹಾಕಿದ್ದರೇ? ನಾನೇ ಏನಾದರೂ ಬಾಯಿ ತಪ್ಪಿ ಅಂದೆನೇ? ಒಂದು ಸಂಜೆ ಕೋಸಂಬರಿ ಮಾಡಿ ಕೊಟ್ಟರು. ಮೇಡಂ ತಟ್ಟೆ ತೆಗೆದುಕೊಂಡು, ತಲೆಯಾಡಿಸಿ, ಬಾಗಿಲು ಮುಚ್ಚಿದರು. "ಅವತ್ತು ಬೋ ಬೇಜಾರಾಯ್ತು ಕಣಪ್ಪ. ಉಣ್ಣಾಕೂ ಮನಸ್ಸಾಗ್ಲಿಲ್ಲ" ಎಂದು ನೆನೆಯುತ್ತಾರೆ. ಕಡೆಗೆ ತಡೆಯಲಾರದೆ ಮಾರನೇ ದಿನ ಬೆಳಗ್ಗೆ ಬಾಗಿಲಲ್ಲೇ ಅಡ್ಡ ನಿಂತರು. "ನಮ್ಮಿಂದ ಏನ್ ತಪ್ಪಾಯ್ತು ಹೇಳ್ಬುಡಿ ಮೇಡಂ. ಬಯ್ಯೋದಾದ್ರೆ ಬಯ್ರಿ, ಹಿಂಗ್ ಮಾತ್ ಬುಡಬ್ಯಾಡಿ."

ಗಿರಿಜಾಂಬಿಕಾ ಬಾಯಿ ತೆರೆದರು. ಒಣಗರಿ ನೆಲಕ್ಕೆ ತಿಕ್ಕಿದಂಥ ಒಂದು ಸರಸರ ಸದ್ದು ಬಂತು, ಅಷ್ಟೆ. ಗಂಟಲನ್ನು ಹಿಡಿದುಕೊಂಡು ತೋರಿಸಿದರು. ಕಣ್ಣಲ್ಲಿ ನೀರು.

ಆಮೇಲೆ ಪಿಸುಮಾತಿನಲ್ಲಿ ತುಂಡುತುಂಡಾಗಿ ವಿಷಯ ಹೊರಬಂತು. ತಿಪಟೂರಿನ ಡಾಕ್ಟರು ನೋಡಿದ್ದರು. ದಿನವಿಡೀ ಕೂಗಿ ಕೂಗಿ ಗಂಟಲಿನ ತಂತಿಗಳ ಮೇಲೆ ಗಂಟು ಬೆಳೆದಿದೆ, ಕೈಗೆ ಜಡ್ಡು ಕಟ್ಟುತ್ತದಲ್ಲ, ಹಾಗೆ. ಒಂದು ತಿಂಗಳು ಮಾತೇ ಆಡಬಾರದು. ಆಮೇಲೂ ಹೀಗೇ ಕೂಗಿದರೆ ಆಪರೇಷನ್. ಅದಾದರೂ ಹಳೆಯ ದನಿ ಬರುತ್ತದೆಂಬ ಖಾತ್ರಿಯಿಲ್ಲ. ಪಾಠ ಬಿಟ್ಟು ತಾಲ್ಲೂಕು ಆಫೀಸಿನ ಕಡೆ ಯಾವುದಾದರೂ ಕುರ್ಚಿ ಕೆಲಸಕ್ಕೆ ಹಾಕಿಸಿಕೊಳ್ಳುವ ಯೋಚನೆಯಲ್ಲಿದ್ದರು ಮೇಡಂ.

ಚಿಕ್ಕಗೌರಮ್ಮ ತಮ್ಮ ಅಂಗೈ ನೋಡಿಕೊಂಡರು. "ಗಂಟ್ಲಿಗೂ ಜಡ್ಡು ಕಟ್ತದಾ?" ಕೈಯ ಜಡ್ಡು ಗೊತ್ತಿದ್ದವರಿಗೆ ಗಂಟಲ ಜಡ್ಡು ಎಂಥ ಸಂಕಟವೆಂದು ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ಅವರಿಗೆ ತಿಳಿಯದೆ ಉಳಿದದ್ದು ಬೇರೆ. ಇದೇ ಮೇಡಂ ಹಳೇ ಶಾಲೆಯಲ್ಲಿ ವರ್ಷಗಟ್ಟಲೆ ಪಾಠ ಮಾಡಿದ್ದರಲ್ಲ, ಆಗ ಏನೂ ಆಗದ ಗಂಟಲಿಗೆ ಈಗೇನು ಬಂತು?

ಹಳೇ ಶಾಲೆ ಹೆಂಚಿನದು, ಮಣ್ಣಿನ ಗೋಡೆಯದು. ಅದು ಶಿಥಿಲವಾಯಿತೆಂದು ಕೆಡವಿ, ದಾನಿಗಳು ಹೊಸ ಹಾಲ್ ಕಟ್ಟಿಸಿಕೊಟ್ಟಿದ್ದರು. ಆಳೆತ್ತರಕ್ಕೆ ಹೊಳೆಯುವ ಟೈಲ್ಸು, ಮುಖ ಕಾಣುವ ನೆಲ, ಅಗಲ ಗಾಜಿನ ಕಿಟಕಿ, ಮೇಲೆ ತಗಡಿನ ಶೀಟು. ಊರೇ ಹೆಮ್ಮೆಪಟ್ಟಿತ್ತು. ಮೂರು ತರಗತಿಗಳು ಅದೇ ಹಾಲಿನಲ್ಲಿ. ಒಂದು ಮೂಲೆಯಲ್ಲಿ ಬಳಪ ಬಿದ್ದರೆ ಇನ್ನೊಂದು ಮೂಲೆಗೆ ಕೇಳುತ್ತದೆ. ಮಕ್ಕಳು ಗದ್ದಲ ಮಾಡುತ್ತಾರೆಂದು ಮೇಡಂ ದನಿ ಏರಿಸುವುದು, ಮೇಡಂ ದನಿಗೆ ಮಕ್ಕಳು ಇನ್ನಷ್ಟು ಏರಿಸುವುದು, ಅದೆಲ್ಲ ಶೀಟಿಗೆ ಬಡಿದು ತಲೆಯ ಮೇಲೇ ಸುರಿಯುವುದು. ಎಷ್ಟು ಕೂಗಿದರೂ ಹಿಂದಿನ ಸಾಲಿಗೆ ಮಾತು ಮಾತಾಗಿ ತಲುಪುತ್ತಿರಲಿಲ್ಲ.

"ಧ್ವಜ ಹಾರಿಸಿದ್ ದಿನ ಅಲ್ಲಿ ಭಾಷಣ ಮಾಡುದ್ರು. ನಾನು ಇಂಗ್ಲೀಷು ಅನ್ಕಂಡು ಕೈಮುಕ್ಕಂಡು ಕೂತಿದ್ದೆ. ಆಮೇಲ್ ನೋಡುದ್ರೆ ಕನ್ನಡ" ಎನ್ನುವಾಗ ಚಿಕ್ಕಗೌರಮ್ಮ ನಗುವುದಿಲ್ಲ. ಅವರಿಗದು ಈಗಲೂ ವಿಚಿತ್ರವೇ.

ಮೇಡಂ ರಜೆಯಲ್ಲಿದ್ದಾಗ ಅವರು ಒಬ್ಬರೇ ಹೋಗಿ ಆ ಹಾಲಿನಲ್ಲಿ ನಿಂತು ಒಂದು ಚಪ್ಪಾಳೆ ಹೊಡೆದರು. ಟಪ್ಪಪ್ಪಪ್ಪ. ಖಾಲಿ ಗೋಡೌನಿನದೇ ಸದ್ದು. ಅವರಿಗೆ ಗೊತ್ತಿದ್ದದ್ದು ಇಷ್ಟೆ, ಇದಕ್ಕಿಂತ ಒಂದು ಎಳೆಯೂ ಹೆಚ್ಚಿಲ್ಲ. ಮೂಲೆ ಮುಕ್ಕಾಗಿ, ಬಣ್ಣ ಹೊಂದದೆ ವಾಪಸು ಬಂದ ಹಲಗೆಗಳು ಶೆಡ್ಡಿನ ಹಿಂದೆ ಬಿದ್ದಿದ್ದವು. ಕೇಳಿದಾಗ ಮೋಹನ್ ಕುಮಾರ್, "ತಗೊಂಡ್ ಹೋಗಮ್ಮ, ಆದ್ರೆ ಎಲ್ಲಿ ಹಾಕ್ಬೇಕು ಅಂತ ನಂಗೂ ಗೊತ್ತಿಲ್ಲ. ನಾನು ಮಾಡಿ ಕಳ್ಸೋನು, ಅಷ್ಟೆ" ಅಂದರು.

ಭಾನುವಾರ ಟೆಂಪೊದಲ್ಲಿ ಹಲಗೆ ಬಂದಿಳಿದವು. ಗಂಡ ಹೆಂಡತಿ ಹಾಲಿನ ನಡುವೆ ನಿಂತು ಚರ್ಚೆ ಮಾಡಿದರು. ಸದ್ದು ಹುಟ್ಟುವುದು ಮೇಡಂ ನಿಲ್ಲುವ ಜಾಗದಲ್ಲಿ. ಹುಟ್ಟಿದ ಕಡೆಯೇ ಹಿಡಿದುಬಿಟ್ಟರೆ ಓಡಾಡುವುದಕ್ಕೆ ಉಳಿಯುವುದೇನು? ರಂಗಯ್ಯನಿಗೂ ಇದು ಸರಿಯೆನಿಸಿತು. ಕಪ್ಪುಹಲಗೆಯ ಆಚೀಚೆ, ಮೇಡಂ ನಿಲ್ಲುವ ಹಿಂದಿನ ಗೋಡೆಗೆ ಒಂದೂ ಸಂದಿ ಬಿಡದೆ ನಿಲ್ಲಿಸಿದರು. ಮೊಳೆ ಹೊಡೆಯಲು ಹೋಗಿ ಒಂದು ಟೈಲ್ಸ್ ಚಟ್ಟನೆ ಬಿರಿಯಿತು.

ತಿಂಗಳು ಕಳೆದು ಮೇಡಂ ಶಾಲೆಗೆ ಬಂದರು. ಮೊದಲ ದಿನವೇ ಅನಾಹುತ. ಶೀಟಿನ ಅಬ್ಬರ ಹಾಗೇ ಇತ್ತು, ಮಕ್ಕಳ ಗದ್ದಲ ಹಾಗೇ ಇತ್ತು. ಮೇಡಂ ದನಿ ಮಾತ್ರ ಮುಂಚಿಗಿಂತ ಕುಗ್ಗಿತ್ತು. ಬೆನ್ನ ಹಿಂದೆ ಯಾರೋ ನಿಂತು ಮಾತನ್ನು ಎಳೆದುಕೊಳ್ಳುತ್ತಿದ್ದಾರೆ ಅನ್ನಿಸುತ್ತಿತ್ತಂತೆ. ಸಂಜೆ ಕೆಮ್ಮುತ್ತಾ ಮನೆಗೆ ಬಂದು, ಇಷ್ಟನ್ನು ಪಿಸುಗುಟ್ಟಿ ಕೋಣೆ ಸೇರಿದರು.

"ನಾನು ಕಟ್ಟೆ ಮ್ಯಾಲೆ ಕೂತ್ಕಂಡು ತಲೆ ಮ್ಯಾಲೆ ಕೈ ಹೊತ್ಕಂಡೆ. ಗದ್ಲ ತಿನ್ನಲಿ ಅಂತ ತಂದು ಇಟ್ರೆ, ಇದು ಮೇಡಂ ದನೀನೇ ತಿಂತಲ್ಲ! ಇದಕ್ಕೆ ಯಾವ್ದು ಗದ್ಲ, ಯಾವ್ದು ಪಾಠ ಅಂತ ಎಂಗ್ ಗೊತ್ತಾಗ್ಬೇಕು? ಒಳ್ಳೇದ್ ಮಾಡಾಕ್ ಹೋಗಿ ಇರೋ ವಸಿ ಗಂಟ್ಲೂ ನಾನೇ ಕಳದ್ನೇನೋ ಅಂತ ಜೀವ ಹೊಡ್ಕಂತು."

ಬಿರಿದ ಟೈಲ್ಸಿನ ಸುದ್ದಿ ಶಾಲಾ ಸಮಿತಿ ಅಧ್ಯಕ್ಷ ಈರಣ್ಣನವರಿಗೂ ಮುಟ್ಟಿತು. ಶಾಲೆಯ ಪಕ್ಕವೇ ಅವರ ತೋಟ, ತೋಟದ ತುದಿಗೆ ಅವರ ಮನೆ. ದಾನಿಗಳಿಗೆ ಏನು ಹೇಳುವುದು ಎಂದು ಅವರು ರಂಗಯ್ಯನನ್ನು ದಾರಿಯಲ್ಲಿ ನಿಲ್ಲಿಸಿ ಗದರಿಸಿದರು.

ಚಿಕ್ಕಗೌರಮ್ಮ ಮಾರನೇ ದಿನ ಮೋಹನ್ ಕುಮಾರ್ ಮುಂದೆ ನಡೆದದ್ದನ್ನೆಲ್ಲ ಹೇಳಿ, ಹಲಗೆಗಳನ್ನು ವಾಪಸು ತಂದುಬಿಡುತ್ತೇನೆ ಎಂದರು. ಅವರು ಬೈಯಲಿಲ್ಲ. ತಾವು ತಯಾರಿಸಿದ ಮಾಲು ಕೆಲಸ ಮಾಡುವ ಒಂದು ಕೋಣೆಯನ್ನಾದರೂ ನೋಡಬೇಕೆಂದು ಅವರಿಗೂ ಇತ್ತೋ ಏನೋ, ಬೈಕ್ ಹತ್ತಿ ಶಾಲೆಗೆ ಬಂದರು. ತಾವೂ ಚಪ್ಪಾಳೆ ಹೊಡೆದು ನೋಡಿ, ತಮಗೂ ಏನೂ ತಿಳಿಯದೆ, ದಯಾನಂದ್‌ಗೆ ವಿಡಿಯೊ ಕಾಲ್ ಮಾಡಿದರು. ಫೋನಿನೊಳಗಿನ ದಯಾನಂದ್ ಮೊದಲು ಗೋಡೆ ತೋರಿಸು ಅಂದ, ಆಮೇಲೆ ಮೇಲೆ ತೋರಿಸು ಅಂದ. ತಗಡು ಕಂಡದ್ದೇ ತಡ, "ಅದೇ ರೀ ಕಳ್ಳ" ಎಂದು ಕೂಗಿದ.

ಅವನು ಹೇಳಿದ್ದು ಚಿಕ್ಕಗೌರಮ್ಮ ಮಾಡಿದ್ದಕ್ಕೆ ಪೂರಾ ತಿರುವು ಮುರುವು. ಮೇಡಂ ಹಿಂದಿನ ಗೋಡೆ ಬೋಳಾಗಿರಬೇಕು, ಅದು ಅವರ ಮಾತನ್ನು ಮಕ್ಕಳ ಕಡೆ ತಳ್ಳುತ್ತದೆ. ಹಲಗೆಗಳು ಎದುರಿನ ಗೋಡೆಗೆ, ಅಂದರೆ ಕೊನೆಯ ಸಾಲಿನ ಬೆನ್ನಿಗೆ ಬರಬೇಕು. ಉಳಿದವೆಲ್ಲ ಶೀಟಿನ ಕೆಳಗೆ ತೂಗಬೇಕು. "ಸದ್ದು ಹುಟ್ಟೋ ಕಡೆ ಬುಟ್ಟು, ಹೋಗಿ ಬೀಳೋ ಕಡೆ ಹಾಕ್ಬೇಕಂತೆ. ಹೂಂ ಅಂದೆ. ಇವತ್ತಿಗೂ ಅದು ಯಾಕಂಗೆ ಅಂತ ಗೊತ್ತಿಲ್ಲ ಬುಡಿ" ಎನ್ನುತ್ತಾರೆ.

ಮುಂದಿನ ಭಾನುವಾರ ಶೀಟಿನ ಕಬ್ಬಿಣದ ತೊಲೆಗಳಿಗೆ ಹಗ್ಗ ಕಟ್ಟಬೇಕಾಗಿತ್ತು. ಬರುತ್ತೇನೆಂದ ವೆಲ್ಡಿಂಗ್ ಅಂಗಡಿಯವನು ಬರಲಿಲ್ಲ. ಎಲ್ಲರೂ ಏಣಿಯನ್ನೇ ನೋಡುತ್ತಾ ನಿಂತಿದ್ದಾಗ ರಂಗಯ್ಯ ಟವಲನ್ನು ಸೊಂಟಕ್ಕೆ ಬಿಗಿದರು. ಮರದಿಂದ ಬಿದ್ದಮೇಲೆ ಒಂದು ಮೆಟ್ಟಿಲನ್ನೂ ಕೈಹಿಡಿಯದೆ ಹತ್ತಿದವರಲ್ಲ. "ಬ್ಯಾಡ ಕಣಯ್ಯಾ, ಬ್ಯಾಡ" ಎಂದು ಚಿಕ್ಕಗೌರಮ್ಮ ಏಣಿಯನ್ನು ಎರಡೂ ಕೈಯಲ್ಲಿ ತಬ್ಬಿಕೊಂಡರು. "ತಬ್ಕಂಡಿದ್ದೀಯಲ್ಲ, ಹಂಗೇ ಹಿಡ್ಕೋ" ಅಂದು ರಂಗಯ್ಯ ಒಂದೊಂದೇ ಮೆಟ್ಟಿಲು ಏರಿದರು. ನಾರಿನ ಹಗ್ಗದಲ್ಲಿ ಗೊನೆ ಇಳಿಸುವಾಗ ಹಾಕುತ್ತಿದ್ದ ಗಂಟನ್ನೇ ಹಾಕಿ, ಹಲಗೆಗಳನ್ನು ಒಂದೊಂದಾಗಿ ಮೇಲಕ್ಕೆಳೆದುಕೊಂಡು ಕಟ್ಟಿದರು. "ಅವತ್ತು ನಂಗೆ ಸದ್ದೂ ಇಲ್ಲ, ಗಂಟ್ಲೂ ಇಲ್ಲ, ಇವ್ರ ಕಾಲ್ ಒಂದೇ ಕಾಣ್ತಿದ್ದದ್ದು" ಎನ್ನುತ್ತಾರೆ ಹೆಂಡತಿ. ರಂಗಯ್ಯ ಈಗಲೂ ಶಾಲೆಗೆ ಹೋದರೆ ಮೊದಲು ನೋಡುವುದು ಆ ಗಂಟುಗಳನ್ನೇ.

ಸೋಮವಾರ ಬೆಳಗ್ಗೆ ಮಕ್ಕಳು ಎಂದಿನಂತೆ ಕಿರುಚುತ್ತಾ ಒಳಗೆ ನುಗ್ಗಿದವರು ನಾಲ್ಕು ಹೆಜ್ಜೆಗೆ ನಿಂತುಬಿಟ್ಟರು. ಕಿರುಚಿದ್ದು ತಿರುಗಿ ಬರಲಿಲ್ಲ. ಒಬ್ಬಳು ತನ್ನ ಕಿವಿಗೆ ಬೆರಳು ಹಾಕಿ ಅಲ್ಲಾಡಿಸಿದಳು. ಇನ್ನೊಬ್ಬ ತಲೆ ಎತ್ತಿ ತೂಗುವ ಹಲಗೆಗಳನ್ನು ನೋಡುತ್ತಾ ಬಾಯಿ ತೆರೆದು ನಿಂತ. ತಮಗೇ ತಿಳಿಯದೆ ಎಲ್ಲರೂ ಪಿಸುಪಿಸು ಮಾತಿಗೆ ಇಳಿದರು. ಮೇಡಂ ಒಳಗೆ ಬಂದು, ಇಷ್ಟು ತೆಪ್ಪಗಿರುವ ಮಕ್ಕಳನ್ನು ಕಂಡು ಗಾಬರಿಯಾಗಿ, ಯಾರಿಗಾದರೂ ಜ್ವರವೇ ಎಂದು ಹಣೆ ಮುಟ್ಟಿ ನೋಡಿದರು.

ಅವರು ಮೆಲ್ಲಗೆ ಹಾಜರಿ ಕೂಗಿದರು. ಕೊನೆಯ ಸಾಲಿನ ಹುಡುಗಿ "ಎಸ್ ಮೇಡಂ" ಅಂದಳು.

ಇಲ್ಲಿಗೆ ಎಲ್ಲ ಸುಖಾಂತ ಎಂದುಕೊಂಡಿದ್ದ ಚಿಕ್ಕಗೌರಮ್ಮನಿಗೆ ಊರು ಇನ್ನೊಂದು ಗಂಟು ಹಾಕಿ ಕೊಟ್ಟಿತು. ಇಷ್ಟು ವರ್ಷ ತೋಟದಪಾಳ್ಯದವರು ಶಾಲೆ ನಡೆಯುವುದನ್ನು ಕಿವಿಯಿಂದ ಲೆಕ್ಕ ಹಾಕುತ್ತಿದ್ದರು. ಮಗ್ಗಿ ಕೇಳಿಸುತ್ತಿದ್ದರೆ ಪಾಠ ನಡೆಯುತ್ತಿದೆ, ಮೇಡಂ ಗದರಿಕೆ ಕೇಳಿಸುತ್ತಿದ್ದರೆ ಚೆನ್ನಾಗಿ ನಡೆಯುತ್ತಿದೆ. ಈಗ ರಸ್ತೆಗೆ ಏನೂ ಕೇಳಿಸುವುದಿಲ್ಲ. ಗಂಟಲು ನೋವಿನ ನೆಪದಲ್ಲಿ ಮೇಡಂ ಪಾಠವನ್ನೇ ಬಿಟ್ಟಿದ್ದಾರೆ, ಮಕ್ಕಳನ್ನು ಮಲಗಿಸುತ್ತಾರೆ ಎಂದು ಯಾರೋ ಅಂದರು. ನಾರಿಗೆ ಬೆಂಕಿ ಹತ್ತಿದರೆ ಗತಿಯೇನು ಎಂದರು ಇನ್ನೊಬ್ಬರು. ಹತ್ತದ ಹಾಗೆ ಔಷಧಿ ಹಾಕಿರುತ್ತೇವೆ ಎಂದು ಮೋಹನ್ ಕುಮಾರ್ ಒಂದು ತುಂಡಿಗೆ ಕಡ್ಡಿ ಗೀರಿಯೇ ತೋರಿಸಿದರು. ನಂಬಿದವರು ಕಡಿಮೆ. ನಾರಿನ ಶೆಡ್ಡಿನವರು ಗುಜರಿ ಮಾಲು ತಂದು ಶಾಲೆಗೆ ತುಂಬಿದ್ದಾರೆ ಎಂಬ ಮಾತು ಚಿಕ್ಕಗೌರಮ್ಮನ ಕಿವಿಗೇ ನೇರವಾಗಿ ಬಿತ್ತು. ಹಲಗೆ ತೆಗೆಸಬೇಕೆಂದು ಶಾಲಾ ಸಮಿತಿಯ ಸಭೆ ಕರೆದರು. ಸಭೆ ಅದೇ ಹಾಲಿನಲ್ಲಿ.

ಹಿಂದಿನ ಸಭೆಗಳಲ್ಲಿ ಯಾರು ಏನು ಹೇಳಿದರೆಂದು ಯಾರಿಗೂ ತಿಳಿಯುತ್ತಿರಲಿಲ್ಲ. ಎಲ್ಲರೂ ಕೂಗುತ್ತಿದ್ದರು, ಕೊನೆಗೆ ಈರಣ್ಣ ಹೇಳಿದ್ದಕ್ಕೆ ತಲೆಯಾಡಿಸಿ ಎದ್ದು ಹೋಗುತ್ತಿದ್ದರು. ಅವತ್ತು ಎಲ್ಲರೂ ಕೂತಮೇಲೆ, ಮಾತು ಶುರುಮಾಡುವ ಮುಂಚೆ ಈರಣ್ಣ ಪಕ್ಕದವನ ಕಡೆ ವಾಲಿ, ಬಾಯಿಗೆ ಕೈ ಅಡ್ಡ ಹಿಡಿದು ಗೊಣಗಿದರು.

"ನಂಗೂ ಏನೂ ಅರ್ಥ ಆಗ್ತಿಲ್ಲ ಕಣ್ಲಾ. ತೆಗ್ಸಿ ಅಂದ್ರೆ ಮೇಡಂ ಹೊಂಟೋಯ್ತಾರೆ. ಇರ್ಲಿ ಅಂದ್ರೆ ಇವ್ರೆಲ್ಲ ನನ್ನ ತಿಂತಾರೆ."

ಹಾಲಿನ ಈ ತುದಿಯಿಂದ ಆ ತುದಿಯವರೆಗೆ ಎಲ್ಲರೂ ನಕ್ಕರು. ಈರಣ್ಣ ಕಕ್ಕಾಬಿಕ್ಕಿಯಾಗಿ, "ನಾನು ಯಾರ್‌ಗೂ ಹೇಳ್ಲಿಲ್ವಲ್ಲ!" ಎಂದರು. ಕೊನೆಯ ಗೋಡೆಗೆ ಒರಗಿ ಕೂತಿದ್ದ, ಕಿವಿ ಮಂದವಾದ ಮುದುಕಿ ತಿಮ್ಮಕ್ಕ, "ಕೇಳಿಸ್ತು ಬುಡು ಈರಣ್ಣ. ನಂಗೇ ಕೇಳಿಸ್ತು ಅಂದ್ಮ್ಯಾಲೆ ಯಾರ್‌ಗ್ ಕೇಳಾಕಿಲ್ಲ" ಅಂದಳು.

ಗಿರಿಜಾಂಬಿಕಾ ಎದ್ದು ನಿಂತರು. ಮೈಕಿಲ್ಲ, ಏರುದನಿಯಿಲ್ಲ. ಮಕ್ಕಳು ಮಲಗುತ್ತಿಲ್ಲ, ಕೇಳಿಸಿಕೊಳ್ಳುತ್ತಿದ್ದಾರೆ ಎಂದರು. ಯಾರಿಗೆ ಅನುಮಾನವಿದೆಯೋ ಅವರು ಯಾವತ್ತಾದರೂ ಬಂದು ಕೊನೆಯ ಸಾಲಿನಲ್ಲಿ ಕೂರಬಹುದು ಎಂದರು. ಇಷ್ಟು ಹೇಳಿ ಅವರು ಕೂತರು. ಆ ಮಾತು ಕೊನೆಯ ಗೋಡೆಯವರೆಗೂ ಪೂರ್ತಿಯಾಗಿ ಕೇಳಿಸಿತ್ತು. ಪರೀಕ್ಷೆ ಮುಗಿಯುವವರೆಗೆ ಇರಲಿ, ಆಮೇಲೆ ನೋಡೋಣ ಎಂದು ಈರಣ್ಣ ಸಭೆ ಮುಗಿಸಿದರು.

ಪರೀಕ್ಷೆ ಮುಗಿದು, ಬೇಸಿಗೆ ರಜೆ ಕಳೆದು, ಶಾಲೆ ಮತ್ತೆ ಶುರುವಾಗಿದೆ. ಹಲಗೆಗಳು ಅಲ್ಲೇ ಇವೆ. ಎಲ್ಲವೂ ಸರಿಹೋಗಿದೆ ಎಂದೇನಲ್ಲ. ಜೋರು ಮಳೆ ಬಂದರೆ ತಗಡಿನ ಅಬ್ಬರಕ್ಕೆ ಯಾವ ನಾರೂ ಸಾಲದು, ಮೇಡಂ ಪಾಠ ನಿಲ್ಲಿಸಿ ಚಿತ್ರ ಬರೆಸುತ್ತಾರೆ. ಗುಬ್ಬಚ್ಚಿಗಳು ಹಲಗೆಯಿಂದ ನಾರು ಕಿತ್ತು ಗೂಡು ಕಟ್ಟಿಕೊಳ್ಳುತ್ತಿವೆ. ಒಂದು ಹಲಗೆ ತೇವ ಹಿಡಿದು ಜೋತುಬಿದ್ದಿದೆ. ಮೇಡಂ ಗಂಟಲ ಗಂಟು ಕರಗುತ್ತಾ ಬಂದಿದೆ, ಸದ್ಯಕ್ಕೆ ಆಪರೇಷನ್ ಬೇಡ ಎಂದಿದ್ದಾರೆ ಡಾಕ್ಟರು. ಆದರೆ ಹಳೆಯ ದನಿ ಪೂರ್ತಿ ವಾಪಸಾಗಿಲ್ಲ. ಮುಂಚೆ ಹಾಡುತ್ತಿದ್ದರು, ಈಗ ಹಾಡುವುದಿಲ್ಲ. ಸಂಜೆ ಅಡುಗೆಮನೆ ಕಿಟಕಿಗೆ ಬಂದು ಒರಟು ಮೆಲುದನಿಯಲ್ಲಿ ಊರ ಸುದ್ದಿ ಹೇಳುತ್ತಾರೆ. ಚಿಕ್ಕಗೌರಮ್ಮ ಒಲೆ ಸಣ್ಣ ಮಾಡಿ ಕೇಳಿಸಿಕೊಳ್ಳುತ್ತಾರೆ. ಆಫೀಸಿನ ಕುರ್ಚಿಯ ಮಾತು ಮತ್ತೆ ಬಂದಿಲ್ಲ.

ನೊಣವಿನಕೆರೆ ಕಡೆಯ ಇನ್ನೊಂದು ಶಾಲೆಯವರು, ಶೆಟ್ಟಿಕೆರೆಯ ಒಬ್ಬ ಮೇಷ್ಟ್ರು ಬಂದು ಹಾಲ್ ನೋಡಿಕೊಂಡು ಹೋಗಿದ್ದಾರೆ. ಬಂದವರೆಲ್ಲ ಚಿಕ್ಕಗೌರಮ್ಮನನ್ನು ಹುಡುಕಿಕೊಂಡು ಶೆಡ್ಡಿಗೆ ಬಂದು, ಇದು ಹೇಗೆ ಕೆಲಸ ಮಾಡುತ್ತದೆ ಎಂದು ಕೇಳುತ್ತಾರೆ. ಅವರು ನಾರಿನ ಕೈ ಒರೆಸಿಕೊಂಡು ಎಲ್ಲರಿಗೂ ಒಂದೇ ಉತ್ತರ ಕೊಡುತ್ತಾರೆ. "ನನ್ ಕೇಳಿದ್ರೆ ತಪ್ಪಾಗೇ ಹೇಳ್ತೀನಿ. ಮೊದ್ಲು ತಪ್ಪಾಗೇ ಹಾಕ್ದೋಳು ನಾನು. ಫೋನಲ್ಲಿ ಆವಯ್ಯನ್ನ ಕೇಳ್ರಿ."

ಮಂಗಳವಾರ ಶೆಡ್ಡಿಗೆ ರಜೆ. ಈ ಮಂಗಳವಾರ ಅವರು ಹಿಟ್ಟಿನ ಗಿರಣಿಗೆ ಹೋಗಿ, ತಲೆಯ ಮೇಲೆ ಹಿಟ್ಟಿನ ಡಬ್ಬ ಹೊತ್ತುಕೊಂಡು ಶಾಲೆಯ ದಾರಿಯಲ್ಲೇ ಬರುತ್ತಿದ್ದಾರೆ. ಗೇಟಿನ ಮುಂದೆ ಐಸ್‌ಕ್ಯಾಂಡಿ ಮಾರುವವನೊಬ್ಬ ಮೊಪೆಡ್ ನಿಲ್ಲಿಸಿಕೊಂಡು ಒಳಗೆ ಇಣುಕುತ್ತಿದ್ದಾನೆ. ಈ ಕಡೆಗೆ ಹೊಸಬ. ಇಷ್ಟು ದೊಡ್ಡ ಶಾಲೆಯಿಂದ ಪಿಟ್ಟೆನ್ನುವ ಸದ್ದೂ ಕೇಳಿಸದ್ದಕ್ಕೆ, ಬಂದದ್ದು ದಂಡವಾಯಿತೆಂದು ಗಾಡಿ ತಿರುಗಿಸಲು ನೋಡುತ್ತಿದ್ದಾನೆ.

"ಏನಮ್ಮಾ, ಇವತ್ತು ಶಾಲೆಗೆ ರಜಾನಾ?"

ಚಿಕ್ಕಗೌರಮ್ಮ ಡಬ್ಬವನ್ನು ಒಂದು ಕೈಯಲ್ಲಿ ಹಿಡಿದು ನಿಲ್ಲುತ್ತಾರೆ. ಕಿಟಕಿಯ ಗಾಜಿನೊಳಗೆ ಮೇಡಂ ಕೈ ಆಡಿಸುತ್ತಾ ಏನನ್ನೋ ಹೇಳುತ್ತಿರುವುದು ಕಾಣುತ್ತದೆ.

"ರಜಾ ಅಲ್ಲ ಕಣಪ್ಪ, ಒಳಗೆ ಪಾಠ ನಡೀತೈತೆ" ಎನ್ನುತ್ತಾರೆ. "ಹಾರ್ನ್ ಹೊಡೀಬ್ಯಾಡ."